ಮಾಡ್ಯುಲೇಟರ್: ಮೈಕ್ರೋಸೆಕೆಂಡಿನ ಹೈವೋಲ್ಟೇಜ್

ಕ್ಯಾನ್ಸರಿಗೆ ‘ಕರೆಂಟ್ ಇಡಿಸಲು’, ಅಂದರೆ ರೇಡಿಯೇಷನ್ ಚಿಕಿತ್ಸೆಗೆ, ಕಾಸರಗೋಡಿನಿಂದ ಮಂಗಳೂರಿಗೆ ಹೋಗಿಬರುವವರು ಅನೇಕರು. ಅಲ್ಲಿನ ಲಿನಾಕ್ ಯಂತ್ರವೂ ಒಂದು ಪುಟ್ಟ ಕಣ ವೇಗವರ್ಧಕವೇ. ರೋಗಿಗೆ ತಾಗುವುದು ಕರೆಂಟಲ್ಲ, ಸಾಮಾನ್ಯವಾಗಿ ವೇಗ ಪಡೆದ ಎಲೆಕ್ಟ್ರಾನುಗಳಿಂದ ಹುಟ್ಟುವ ಎಕ್ಸ್‌-ರೇ. ಕರೆಂಟಿನ ಆಟವೆಲ್ಲ ಮಾಡ್ಯುಲೇಟರ್ ಎಂಬ ಪೆಟ್ಟಿಗೆಯೊಳಗೆ. ಎಲೆಕ್ಟ್ರಾನುಗಳನ್ನು ದೂಡುವ ಮೈಕ್ರೋವೇವನ್ನು ಹುಟ್ಟಿಸುವುದು ಮ್ಯಾಗ್ನೆಟ್ರಾನ್ ಅಥವಾ ಕ್ಲೈಸ್ಟ್ರಾನ್. ಅದಕ್ಕೆ ಹೈವೋಲ್ಟೇಜನ್ನು ಪಲ್ಸ್ ಪಲ್ಸಾಗಿ ಉಣಿಸುವುದು ಮಾಡ್ಯುಲೇಟರ್.

ಲೆಕ್ಕ ಹಾಕಿ ನೋಡಿ. 50 ಸಾವಿರ ವೋಲ್ಟ್, 100 ಆಂಪಿಯರ್ ಅಂದರೆ 50 ಲಕ್ಷ ವ್ಯಾಟ್! ಆದರೆ ಪಲ್ಸ್ ಇರುವುದು 4 ಮೈಕ್ರೋಸೆಕೆಂಡ್ ಮಾತ್ರ. ಸೆಕೆಂಡಿಗೆ 200 ಸಲ ಹೊಡೆದರೂ ಸರಾಸರಿ 4 ಕಿಲೋವ್ಯಾಟ್ ದಾಟದು.

ಎಣ್ಮಕಜೆ, ಬಾಯಾರು ಕಡೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ನೂಲಿನಂತೆ ಇಳಿಯುತ್ತದೆ. ಹೊಂಡದಲ್ಲಿ ನಿಲ್ಲಿಸಿ ತೂಬು ತೆಗೆದರೆ ಅದೇ ನೀರು ಅಡಿಕೆ ತೋಟಕ್ಕೆ ನುಗ್ಗುತ್ತದೆ. ಮಾಡ್ಯುಲೇಟರಿನಲ್ಲಿ ಚಾರ್ಜ್ ತುಂಬಿಡುವ ಕೆಪಾಸಿಟರೇ ಹೊಂಡ. ತೊಡಕಿರುವುದೂ ಅಲ್ಲೇ: ಹೊಂಡ ಬರಿದಾದಂತೆ ನೀರಿನ ರಭಸ ತಗ್ಗುವ ಹಾಗೆ ಒಂಟಿ ಕೆಪಾಸಿಟರಿನ ವೋಲ್ಟೇಜೂ ಇಳಿಯುತ್ತ ಹೋಗುತ್ತದೆ. ತೋಟಕ್ಕೆ ಅದರಿಂದ ನಷ್ಟವಿಲ್ಲ, ಕ್ಲೈಸ್ಟ್ರಾನಿಗೆ ಉಂಟು. ವೋಲ್ಟೇಜ್ ತುಸು ಕುಸಿದರೂ ಮೈಕ್ರೋವೇವಿನ ಬಲ, ತಾಳ ಎರಡೂ ತಪ್ಪಿ, ಎಲೆಕ್ಟ್ರಾನುಗಳ ಶಕ್ತಿ ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ತಂತಿ ಸುತ್ತಿದ ಕಾಯಿಲು, ಕೆಪಾಸಿಟರುಗಳನ್ನು ಸಾಲಾಗಿ ಜೋಡಿಸಿ, ಒಂದರ ಹಿಂದೆ ಒಂದು ಬರಿದಾಗುವಂತೆ ಮಾಡುತ್ತಾರೆ. ಇದು ಪಲ್ಸ್ ಫಾರ್ಮಿಂಗ್ ನೆಟ್‌ವರ್ಕ್. ಪಲ್ಸಿನ ತಲೆ ಚಪ್ಪಟೆಯಾಗಿ ನಿಲ್ಲಬೇಕು. ವಿನ್ಯಾಸಕಾರರ ಹೆಣಗಾಟದ ಬಹುಪಾಲು ಇದಕ್ಕೇ ಎಂದರೆ ಅತಿಶಯವಲ್ಲ.

ನೆಟ್‌ವರ್ಕಿನಿಂದ ಹೊರಟ ಪಲ್ಸನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ಟ್ರಾನ್ಸ್‌ಫಾರ್ಮರ್ ಮೇಲಕ್ಕೇರಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ವೇಗವರ್ಧಕದ ಕ್ಲೈಸ್ಟ್ರಾನುಗಳಿಗೆ ಹೀಗೆ ಸುಮಾರು 3.5 ಲಕ್ಷ ವೋಲ್ಟ್ ಸಿಗುತ್ತದೆ.

ಇನ್ನು ತೂಬಿನ ಕೆಲಸ ಮಾಡುವ ಸ್ವಿಚ್ಚು. ಹಳೆಯ ಕಾಲದಿಂದ ಬಂದದ್ದು ಹೈಡ್ರೋಜನ್ ಇಲ್ಲವೇ ಡ್ಯುಟೀರಿಯಂ ತುಂಬಿದ ಥೈರಾಟ್ರಾನ್ ಎಂಬ ವಾಲ್ವು. ಹೊತ್ತಿದ ಮೇಲೆ ಅದನ್ನು ನಡುವೆ ಆರಿಸಲಾಗದು. ಹೊಸ ಮಾಡ್ಯುಲೇಟರುಗಳಲ್ಲಿರುವ ಐಜಿಬಿಟಿ ಎಂಬ ಸೆಮಿಕಂಡಕ್ಟರ್ ಸ್ವಿಚ್ಚನ್ನು ನಡುವೆಯೂ ಆರಿಸಬಹುದು. ಕ್ಲೈಸ್ಟ್ರಾನಿನೊಳಗೆ ಕಿಡಿ ಹಾರಿದಾಗ ಇದರ ಬೆಲೆ ಗೊತ್ತಾಗುತ್ತದೆ: ಕೂಡಲೇ ಕರೆಂಟು ಕಡಿಯದಿದ್ದರೆ ದುಬಾರಿ ಕ್ಲೈಸ್ಟ್ರಾನೇ ಹಾಳಾದೀತು.

ರಿಪೇರಿಗೆ ಹೋಗುವವರು ಮಾತ್ರ ‘ಲೈನ್ ಆಫ್ ಮಾಡಿದೆವಲ್ಲ’ ಎಂದು ಕೈ ಹಾಕುವಂತಿಲ್ಲ. ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಅರ್ಥಿಂಗ್ ಕೋಲು ತಾಗಿಸಿ ಅದನ್ನು ನೆಲಕ್ಕಿಳಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯುವುದು.