ಕಲ್ಚರ್ ರಿಪೋರ್ಟಿನ ತುಂಬ ‘ಆರ್’: ತಂದೆಯ ದೇಹಕ್ಕೆ ಇನ್ನು ಮದ್ದು ನಾಟುವುದಿಲ್ಲವೇ?

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ಪ್ರಾಸ್ಟೇಟ್ ತೊಂದರೆಯಿಂದಾಗಿ ಕೆಲವು ತಿಂಗಳಿಂದ ಮೂತ್ರದ ಟ್ಯೂಬ್ ಹಾಕಿದ್ದಾರೆ. ಚಳಿಜ್ವರ ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ಮಾಡಿದ ಕಲ್ಚರ್ ಪರೀಕ್ಷೆಯಲ್ಲಿ 16 ಔಷಧಿಗಳ ಪೈಕಿ 11ರ ಮುಂದೆ ‘ಆರ್’ ಎಂದು ಬಂದಿದೆ. ಅವರ ದೇಹಕ್ಕೆ ಇನ್ನು ಮದ್ದೇ ನಾಟುವುದಿಲ್ಲವೇ?
– ಪೆರ್ಲ ಸಮೀಪದ ಓದುಗರು

ಉತ್ತರ: ನಾಟುತ್ತದೆ. ರಿಪೋರ್ಟಿನಲ್ಲಿರುವ ‘ಆರ್’ ನಿಮ್ಮ ತಂದೆಯ ದೇಹದ ಕುರಿತಾದದ್ದಲ್ಲ, ಅವರ ಮೂತ್ರದಲ್ಲಿ ಸಿಕ್ಕಿದ ಬ್ಯಾಕ್ಟೀರಿಯದ ಕುರಿತಾದದ್ದು. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಿಂದ ಬರುವ ರೋಗಿಗಳ ಮನೆಯವರು ಪ್ರಯೋಗಾಲಯದ ಕಿಟಕಿಯ ಬಳಿ ನಿಂತು ಇದೇ ಪ್ರಶ್ನೆಯನ್ನು ಇದೇ ಆತಂಕದಲ್ಲಿ ಕೇಳುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಲ್ಚರ್ ಎಂಬುದು ಹಾಲಿಗೆ ಹೆಪ್ಪು ಹಾಕಿದಂತಹ ಕೆಲಸ. ಮೂತ್ರದ ಒಂದು ಸಣ್ಣ ಹನಿಯನ್ನು ಪೋಷಕಾಂಶಗಳಿರುವ ಅಗಾರ್ ತಟ್ಟೆಯ ಮೇಲೆ ಎಳೆದು, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯಲ್ಲಿ ರಾತ್ರಿಯಿಡೀ ಇಟ್ಟರೆ, ಅದರಲ್ಲಿರುವ ಬ್ಯಾಕ್ಟೀರಿಯಗಳು ಬೆಳಗಾಗುವಾಗ ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆದಿರುತ್ತವೆ. ಆ ಚುಕ್ಕೆಯಿಂದ ತೆಗೆದ ಬ್ಯಾಕ್ಟೀರಿಯವನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಒಂದೊಂದು ಔಷಧಿಯಲ್ಲಿ ಅದ್ದಿ ಒಣಗಿಸಿದ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಸಾಲಾಗಿ ಇಡುತ್ತೇವೆ. ಮರುದಿನ ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತವಿರುತ್ತದೆ, ಕೆಲವು ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯ ಮಂಜಿನ ಪದರದಂತೆ ಹಬ್ಬಿರುತ್ತದೆ. ವೃತ್ತದ ಅಗಲವನ್ನು ಅಳೆದು, ನಿಗದಿತ ಪಟ್ಟಿಯೊಂದಿಗೆ ಹೋಲಿಸಿ ‘ಎಸ್’ ಅಥವಾ ‘ಆರ್’ ಎಂದು ಬರೆಯುತ್ತೇವೆ. ಹೆಪ್ಪು ಹಾಕಿದ ಹಾಲನ್ನು ಅವಸರಪಡಿಸಲಾಗದು. ಪೂರ್ತಿ ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುವುದು ಇದಕ್ಕಾಗಿಯೇ.

‘ಎಸ್’ ಎಂದರೆ ಆ ಔಷಧಿಗೆ ಬ್ಯಾಕ್ಟೀರಿಯ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ನಿಮ್ಮ ತಂದೆಯ ರಿಪೋರ್ಟಿನಲ್ಲಿ ಉಳಿದ 5 ಔಷಧಿಗಳ ಮುಂದೆ ‘ಎಸ್’ ಇದ್ದರೆ ಆಯ್ಕೆಗೆ ದಾರಿ ಇದೆ ಎಂದೇ ಅರ್ಥ. ಆದರೆ ಯಾವ ‘ಎಸ್’ ಅನ್ನು ಆರಿಸಬೇಕೆಂಬುದನ್ನು ವೈದ್ಯರಿಗೇ ಬಿಡಿ. ಉದಾಹರಣೆಗೆ ನೈಟ್ರೋಫ್ಯುರಾಂಟೊಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಗುಳಿಗೆಯಾದರೂ ರಕ್ತದಲ್ಲಿ ಮತ್ತು ಮೂತ್ರಪಿಂಡದ ಒಳಗೆ ಸಾಕಷ್ಟು ಪ್ರಮಾಣದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಚಳಿಜ್ವರ ಬಂದವರಿಗೆ ಅದು ಸಾಲದು. ಔಷಧಿಯ ಹೆಸರಿನ ಮುಂದೆ ಅಂಕಿಗಳೂ (ಬ್ಯಾಕ್ಟೀರಿಯದ ಬೆಳವಣಿಗೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ) ಇದ್ದರೆ, ಚಿಕ್ಕ ಅಂಕಿಯದ್ದೇ ಹೆಚ್ಚು ಬಲವಾದ ಮದ್ದು ಎಂದು ತಿಳಿಯಬೇಡಿ. ಪ್ರತಿ ಔಷಧಿಗೂ ಅಳತೆಯ ಗಡಿ ಬೇರೆಯಾದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ.

ಬ್ಯಾಕ್ಟೀರಿಯ ಹೀಗೇಕಾಯಿತು ಎಂಬುದು ಮುಂದಿನ ಮಾತು. ಅನುಕೂಲ ಸಿಕ್ಕರೆ ಇ. ಕೊಲೈ ಎಂಬ ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಆ ಲೆಕ್ಕವಿಲ್ಲದ ಮರಿಗಳಲ್ಲಿ ಕೆಲವು ಆಕಸ್ಮಿಕ ಬದಲಾವಣೆಯಿಂದ ಔಷಧಿಯನ್ನು ತಡೆದುಕೊಳ್ಳುತ್ತವೆ. ಔಷಧಿ ಬಿದ್ದಾಗ ಉಳಿದವು ಸತ್ತು, ಜಾಗವೆಲ್ಲ ಇವುಗಳದ್ದಾಗುತ್ತದೆ. ಕೆಲವು ಬ್ಯಾಕ್ಟೀರಿಯಗಳು ಔಷಧಿಯ ಅಣುವನ್ನೇ ಕತ್ತರಿಸುವ ಕಿಣ್ವವನ್ನು ತಯಾರಿಸುತ್ತವೆ (ರಿಪೋರ್ಟಿನಲ್ಲಿ ಇ.ಎಸ್.ಬಿ.ಎಲ್. ಎಂದಿದ್ದರೆ ಅದು ಈ ಬಗೆಯದು), ಕೆಲವು ಒಳಗೆ ಬಂದ ಔಷಧಿಯನ್ನು ಹೊರಕ್ಕೆ ಪಂಪ್ ಮಾಡುತ್ತವೆ. ಈ ವಿದ್ಯೆಯ ಜೀನುಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದ್ದರೆ ಒಂದು ಜಾತಿಯ ಬ್ಯಾಕ್ಟೀರಿಯ ಇನ್ನೊಂದು ಜಾತಿಗೂ ಅದನ್ನು ದಾಟಿಸುತ್ತದೆ. ಒಂದೇ ಉಂಗುರದಲ್ಲಿ ಹಲವು ಔಷಧಿಗಳ ವಿರುದ್ಧದ ಜೀನುಗಳು ಜೊತೆಯಾಗಿ ಇರುವುದುಂಟು. ನಿಮ್ಮ ತಂದೆ ಎಂದೂ ನುಂಗದ ಔಷಧಿಯ ಮುಂದೆಯೂ ‘ಆರ್’ ಬರಲು ಇದೂ ಒಂದು ಕಾರಣ.

ಪತ್ರಿಕೆಗಳಲ್ಲಿ ‘ಇಷ್ಟು ಶೇಕಡಾ ಬ್ಯಾಕ್ಟೀರಿಯಗಳಿಗೆ ಔಷಧಿ ತಾಗುವುದಿಲ್ಲ’ ಎಂಬ ಸುದ್ದಿ ಓದಿದಾಗಲೂ ಒಂದು ವಿಷಯ ಗಮನದಲ್ಲಿರಲಿ. ಆ ಲೆಕ್ಕ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ತಲುಪಿದ ಮಾದರಿಗಳಿಂದ ಬಂದದ್ದು. ಊರಿನ ವೈದ್ಯರ ಮೊದಲ ಗುಳಿಗೆಯಲ್ಲೇ ಗುಣವಾದವರ ಮೂತ್ರ ಪ್ರಯೋಗಾಲಯದ ಬಾಗಿಲಿಗೆ ಬರುವುದೇ ಇಲ್ಲ. ಗುಣವಾಗದವರದ್ದು, ತೀವ್ರ ನಿಗಾ ಘಟಕದಲ್ಲಿರುವವರದ್ದು ಬರುತ್ತದೆ. ಹಾಗಾಗಿ ಆ ಶೇಕಡಾವನ್ನು ಇಡೀ ಊರಿಗೆ ಅನ್ವಯಿಸುವುದು ಸರಿಯಲ್ಲ. ಹಾಗೆಂದು ಸಮಸ್ಯೆ ಸಣ್ಣದೆಂದು ನಾನು ಹೇಳುತ್ತಿಲ್ಲ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಗಳ ಔಷಧಿ ಪ್ರತಿರೋಧವೇ ನೇರ ಕಾರಣವೆಂದು ಅಂದಾಜು ಮಾಡಲಾಗಿದೆ.

ನಿಮ್ಮ ತಂದೆಯ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಟ್ಯೂಬಿನ ಬಗ್ಗೆ. ತಿಂಗಳುಗಟ್ಟಲೆ ಟ್ಯೂಬ್ ಇರುವ ಬಹುತೇಕ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯ ಇದ್ದೇ ಇರುತ್ತದೆ, ಟ್ಯೂಬಿನ ಒಳಮೈಗೆ ಅದು ಪಾಚಿಯಂತೆ ಅಂಟಿಕೊಂಡಿರುತ್ತದೆ. ಈಗ ಚಳಿಜ್ವರ ಬಂದದ್ದರಿಂದ ಚಿಕಿತ್ಸೆ ಬೇಕಾಯಿತು, ಸರಿ. ಆದರೆ ಮುಂದೆ ಜ್ವರ, ನಡುಕ, ಹೊಟ್ಟೆನೋವು, ಮಂಪರು ಯಾವುದೂ ಇಲ್ಲದೆ, ಮೂತ್ರ ಕದಡಿದೆ ಅಥವಾ ವಾಸನೆ ಬರುತ್ತಿದೆ ಎಂಬ ಕಾರಣಕ್ಕಷ್ಟೇ ಕಲ್ಚರ್ ಮಾಡಿಸಿ ಔಷಧಿ ಕೊಡಿಸಬೇಡಿ. ಹಾಗೆ ಕೊಟ್ಟ ಪ್ರತಿ ಸುತ್ತಿನ ಔಷಧಿಯೂ ರಿಪೋರ್ಟಿಗೆ ಇನ್ನೊಂದು ‘ಆರ್’ ಸೇರಿಸುವ ಸಂಭವವಿದೆ. ಕಲ್ಚರ್ ನಿಜವಾಗಿ ಬೇಕಾದಾಗ ಹಳೆಯ ಟ್ಯೂಬ್ ಬದಲಿಸಿ ಹೊಸತರಿಂದ ಮಾದರಿ ತೆಗೆಯಬೇಕು, ಚೀಲದಲ್ಲಿ ನಿಂತ ಮೂತ್ರವನ್ನು ಎಂದೂ ಕೊಡಬಾರದು. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಮಾದರಿ ಕೊಟ್ಟರೆ ಒಳ್ಳೆಯದು. ಮಾದರಿ ಎರಡು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಇಲ್ಲವಾದರೆ ತಣ್ಣಗೆ ಇಟ್ಟು ತರಬೇಕು. ಪೆರ್ಲದಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಿಸಿಲಿಗೆ ಬಾಟಲಿ ಹಿಡಿದು ತಂದರೆ ದಾರಿಯಲ್ಲೇ ಬ್ಯಾಕ್ಟೀರಿಯ ಹೆಚ್ಚಿ, ಇಲ್ಲದ ಸೋಂಕು ಇದ್ದಂತೆ ಕಾಣುತ್ತದೆ.

ನಮ್ಮ ಕಡೆಯ ಇನ್ನೊಂದು ತೊಂದರೆ ಕೇರಳ-ಕರ್ನಾಟಕ ಗಡಿಯದ್ದು. ಊರಿನ ಕ್ಲಿನಿಕ್ಕಿನಲ್ಲಿ ಒಂದು ಔಷಧಿ, ಕಾಸರಗೋಡಿನಲ್ಲಿ ಇನ್ನೊಂದು, ತಲಪಾಡಿ ದಾಟಿದ ಮೇಲೆ ಮತ್ತೊಂದು ಆಗುತ್ತದೆ, ಹಿಂದಿನ ರಿಪೋರ್ಟ್ ಮಾತ್ರ ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಹೊಸ ಕಲ್ಚರ್ ಬರುವವರೆಗಿನ ಎರಡು ದಿನ ವೈದ್ಯರು ಅಂದಾಜಿನ ಮೇಲೆ ಔಷಧಿ ಕೊಡಬೇಕಾಗುತ್ತದೆ. ಕಳೆದ ಆರು ತಿಂಗಳ ರಿಪೋರ್ಟ್ ಕೈಯಲ್ಲಿದ್ದರೆ ಆ ಅಂದಾಜು ಬಹಳ ಸರಿಯಾಗುತ್ತದೆ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಮದ್ದಿನಂಗಡಿಗಳ ಮೇಲೆ ಕೇರಳದಲ್ಲಿ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನ ತಪಾಸಣೆ ಶುರುವಾದದ್ದು ಸ್ವಾಗತಾರ್ಹ, ಆದರೆ ರೋಗಿಯ ರಿಪೋರ್ಟನ್ನು ಗಡಿ ದಾಟಿಸುವ ಕೆಲಸ ಮನೆಯವರದ್ದೇ.

ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಬೇಕಾಗಿಲ್ಲ, ಮೊಮ್ಮಕ್ಕಳನ್ನು ದೂರವಿಡಬೇಕಾಗಿಲ್ಲ. ಈ ಬ್ಯಾಕ್ಟೀರಿಯ ಮುಖ್ಯವಾಗಿ ಕೈಯಿಂದ ಹರಡುತ್ತದೆ. ಮೂತ್ರದ ಚೀಲ ಖಾಲಿ ಮಾಡುವ ಮೊದಲು ಮತ್ತು ನಂತರ ಸಾಬೂನಿನಿಂದ ಕೈ ತೊಳೆಯಿರಿ, ಚೀಲ ಸದಾ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗಿರಲಿ. ಟ್ಯೂಬ್ ಇನ್ನೂ ಬೇಕೇ ಎಂಬ ಪ್ರಶ್ನೆಯನ್ನು ಪ್ರತಿ ಭೇಟಿಯಲ್ಲೂ ವೈದ್ಯರಲ್ಲಿ ಕೇಳಿ.