ಅಲರ್ಜಿ ಮಾತ್ರೆಗೆ ಬಗ್ಗದ ತುರಿಕೆ

ಪಿತ್ತಗಂಧೆ ಎದ್ದಾಗ ಒಂದು ಸೆಟಿರಿಜಿನ್ ನುಂಗಿದರೆ ಸಾಮಾನ್ಯವಾಗಿ ತುರಿಕೆ ಇಳಿಯುತ್ತದೆ. ಅದೇ ಮಾತ್ರೆಯನ್ನು ಎಕ್ಸಿಮಾ (ಅಟೋಪಿಕ್ ಡರ್ಮಟೈಟಿಸ್) ಎಂಬ ಚರ್ಮದ ಕಾಯಿಲೆ ಇರುವ ಮಗುವಿಗೆ ತಿಂಗಳುಗಟ್ಟಲೆ ಕೊಟ್ಟರೂ ಅದು ಮೊಣಕೈ ಮಡಿಕೆ ಕೆರೆದುಕೊಳ್ಳುತ್ತಲೇ ಇರುತ್ತದೆ. "ಡೋಸ್ ಜಾಸ್ತಿ ಮಾಡಿ ಡಾಕ್ಟ್ರೇ" ಅನ್ನುತ್ತಾರೆ ಅಪ್ಪ ಅಮ್ಮ. ಡೋಸ್ ಪ್ರಶ್ನೆಯೇ ಅಲ್ಲ ಇದು.

ಜೀವಕೋಶದ ಹೊರಮೈಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನ್‌ಗಳಿರುತ್ತವೆ. ಬಾಗಿಲ ಕರೆಗಂಟೆ ಇದ್ದ ಹಾಗೆ, ಹೊರಗೆ ಒತ್ತಿದರೆ ಒಳಗೆ ಸದ್ದಾಗುತ್ತದೆ. ಪಿತ್ತಗಂಧೆಯಲ್ಲಿ ಒತ್ತುವುದು ಮುಖ್ಯವಾಗಿ ಹಿಸ್ಟಮಿನ್ ಎಂಬ ದೇಹದ್ದೇ ರಾಸಾಯನಿಕ, ಅದು ಒತ್ತುವುದು ಎಚ್1 ರಿಸೆಪ್ಟರನ್ನು. ಸೆಟಿರಿಜಿನ್ ತಡೆಯುವುದು ಅದೊಂದನ್ನೇ.

ಎಕ್ಸಿಮಾದಲ್ಲಿ ಗಲಾಟೆ ಎಬ್ಬಿಸುವುದು ಐಎಲ್-4, ಐಎಲ್-13, ಐಎಲ್-31 ಎಂಬ ಬೇರೆ ಪ್ರೋಟೀನ್‌ಗಳು (ಐಎಲ್ ಅಂದರೆ ಇಂಟರ್‌ಲ್ಯೂಕಿನ್, ರೋಗನಿರೋಧಕ ಕೋಶಗಳು ಕಳಿಸುವ ಸಂದೇಶ). ಐಎಲ್-31ರ ರಿಸೆಪ್ಟರ್ ಚರ್ಮದ ನರಗಳ ಮೇಲೇ ಇದೆ, ಹಾಗಾಗಿ ತುರಿಕೆ ನೇರವಾಗಿ ಹೊರಡುತ್ತದೆ. ಐಎಲ್-4 ಮತ್ತು 13 ಎರಡಕ್ಕೂ ಬೇಕಾದದ್ದು ಐಎಲ್-4 ರಿಸೆಪ್ಟರ್ ಆಲ್ಫಾ ಎಂಬ ಒಂದೇ ತುಂಡು. ಅದು ನರದ ಮೇಲೆ ಕೆಲಸ ಮಾಡಿದಾಗ ಸಣ್ಣ ಕೆರಳಿಕೆಗೂ ತುರಿಕೆ ಬರುತ್ತದೆ, ಚರ್ಮದ ಕೋಶದ ಮೇಲೆ ಮಾಡಿದಾಗ ಚರ್ಮದ ತಡೆಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನ್ ತಯಾರಿಕೆ ಇಳಿದು ಚರ್ಮ ಒಣಗಿ ಬಿರಿಯುತ್ತದೆ. ಕೋಶಗಳ ನಡುವಿನ ಸಂದನ್ನು ಬಿಗಿಯಾಗಿ ಹಿಡಿಯುವ ಕ್ಲಾಡಿನ್-1 ಎಂಬ ಪ್ರೋಟೀನ್ ಕೂಡ ಎಕ್ಸಿಮಾ ಇರುವವರಲ್ಲಿ ಕಮ್ಮಿ. ಆ ಬಿರುಕಲ್ಲಿ ಧೂಳು, ಬ್ಯಾಕ್ಟೀರಿಯಾ ನುಗ್ಗಿದರೆ ಮತ್ತಷ್ಟು ಐಎಲ್-4. ಇದರಲ್ಲಿ ಹಿಸ್ಟಮಿನ್ ಪಾಲು ಎಷ್ಟು ಸಣ್ಣದು ನೋಡಿ!

ಹಳೆಯ ಅಲರ್ಜಿ ಸಿರಪ್ ಕೊಟ್ಟ ರಾತ್ರಿ ಮಗು ಮಲಗುತ್ತದೆ, ನಿಜ. ಅದು ಮಂಪರು, ಅಷ್ಟೇ. ಜೊತೆಗೆ ಮೂಗಿನ ಅಲರ್ಜಿ ಇದ್ದರೆ ನಾನೂ ಸೆಟಿರಿಜಿನ್ ಬರೆಯುತ್ತೇನೆ, ಆ ಮೂಗಿಗಾಗಿ.

ಹೆಚ್ಚಿನ ಮಕ್ಕಳಿಗೆ ದಿನಾ ಧಾರಾಳವಾಗಿ ಮಾಯಿಶ್ಚರೈಸರ್, ಕೆಂಪಾದ ಕಡೆ ಡಾಕ್ಟರ್ ಹೇಳಿದಷ್ಟು ದಿನ ಸ್ಟೀರಾಯ್ಡ್ ಮುಲಾಮು ಸಾಕು. ಮುಲಾಮು ಈ ಐಎಲ್‌ಗಳ ತಯಾರಿಕೆಯನ್ನೇ ತಗ್ಗಿಸುತ್ತದೆ. ಹೆದರಿ ಕಡಲೆಕಾಳಷ್ಟು ಮುಲಾಮನ್ನು ಇಡೀ ಕಾಲಿಗೆ ಸವರಿದರೆ ಮಾತ್ರ ಏನೂ ಪ್ರಯೋಜನ ಆಗಲ್ಲ.

ಇದಕ್ಕೂ ಬಗ್ಗದ ತೀವ್ರ ಕಾಯಿಲೆಗೆ ಡುಪಿಲುಮ್ಯಾಬ್ ಇಂಜೆಕ್ಷನ್ ಇದೆ. ಅದು ಹೋಗಿ ಕೂರುವುದು ಆ ಐಎಲ್-4 ರಿಸೆಪ್ಟರ್ ಆಲ್ಫಾ ಮೇಲೆಯೇ. ಅಮೆರಿಕದಲ್ಲಿ 2017ರಲ್ಲಿ ದೊಡ್ಡವರಿಗೆ, 2022ರಲ್ಲಿ ಆರು ತಿಂಗಳ ಮೇಲ್ಪಟ್ಟ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು. ದುಬಾರಿ ಔಷಧಿ. ಕೆಲವರಿಗೆ ಕಣ್ಣು ಕೆಂಪಾಗಿ ಉರಿಯುತ್ತದೆ. ಆಗ ಸುಮ್ನೆ ಇಂಜೆಕ್ಷನ್ ಬಿಟ್ಟು ಕೂರಬೇಡಿ, ಡಾಕ್ಟರಿಗೆ ತಿಳಿಸಿ. ಬಹುಪಾಲು ಕಣ್ಣಿನ ಹನಿ ಔಷಧಿಯಲ್ಲೇ ತಹಬಂದಿಗೆ ಬರುತ್ತದೆ.