ಸ್ಲಾಟ್‌ನಲ್ಲಿ ಕೂತರೆ ಸಾಲದು: ಪಿಸಿ ಬಿಡಿಭಾಗಗಳ ಹೊಂದಾಣಿಕೆ

ಬಿಡಿಭಾಗ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಇದು ಆ ಜಾಗದಲ್ಲಿ ಕೂರುತ್ತದೆಯೇ? ಕೂತ ಮೇಲೆ ಪೂರ್ತಿ ವೇಗದಲ್ಲಿ ಓಡುತ್ತದೆಯೇ? ಮೊದಲನೆಯದಕ್ಕೆ ಉತ್ತರ ಸುಲಭ, ಕೂರದಿದ್ದರೆ ಕೈಗೇ ಗೊತ್ತಾಗುತ್ತದೆ. ದುಡ್ಡು ಹೋಗುವುದು ಎರಡನೆಯದರಲ್ಲಿ. ಹಗಲು ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ತ್ರೀಡಿ ಕೆಲಸ, ರಾತ್ರಿ ಗೇಮ್, ಎರಡಕ್ಕೂ ಒಂದೇ ಮೆಷಿನ್ ಬೇಕು ಅಂದುಕೊಂಡು ನೋಡೋಣ.

ಶುರು ಪ್ರೊಸೆಸರ್‌ನಿಂದ. ಬರೀ ಗೇಮ್ ಆಗಿದ್ದರೆ 8 ಕೋರ್ (ಲೆಕ್ಕ ಮಾಡುವ ಘಟಕ), 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಇರುವ ಎಎಂಡಿಯ ರೈಜೆನ್ 7 7800ಎಕ್ಸ್3ಡಿ ಅನ್ನುತ್ತಿದ್ದೆ. ರೆಂಡರಿಂಗ್‌ಗೆ, ಅಂದರೆ ತ್ರೀಡಿ ಸೀನನ್ನು ಚಿತ್ರವಾಗಿಸುವುದಕ್ಕೆ, ಇದ್ದಷ್ಟು ಕೋರ್ ಬೇಕು, ಹಾಗಾಗಿ 12 ಕೋರ್‌ನ ರೈಜೆನ್ 9 7900. ಮದರ್‌ಬೋರ್ಡ್‌ನಲ್ಲಿ ಇದು ಕೂರುವ ಸಾಕೆಟ್ ಎಎಂ5, 2022ರಲ್ಲಿ ಬಂದದ್ದು, ಡಿಡಿಆರ್5 ರ‍್ಯಾಮ್ ಮಾತ್ರ ಹಾಕಬಹುದು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನಲ್ಲಿ ಹಾಗಲ್ಲ: ಕೆಲವು ಬೋರ್ಡ್ ಡಿಡಿಆರ್4ಕ್ಕೆ, ಕೆಲವು ಡಿಡಿಆರ್5ಕ್ಕೆ. ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಎರಡೂ ಬಗೆಯ ಸ್ಟಿಕ್‌ಗೆ 288 ಪಿನ್ನೇ, ಉದ್ದವೂ ಒಂದೇ. ಪಕ್ಕಪಕ್ಕ ಹಿಡಿದು ನೋಡಿದರೆ ಮಧ್ಯದ ಕಚ್ಚು ಸ್ವಲ್ಪ ಸರಿದಿರುವುದು ಕಾಣುತ್ತದೆ. ಸ್ಲಾಟ್‌ಗೆ ಇಳಿಯದಿದ್ದರೆ ಒತ್ತಬೇಡಿ.

ಸಾಕೆಟ್ ಒಂದೇ ಆಗಿದ್ದರೂ ಬಯಾಸ್, ಅಂದರೆ ಮೆಷಿನ್ ಶುರುಮಾಡುವ ಬೋರ್ಡಿನೊಳಗಿನ ಸಾಫ್ಟ್‌ವೇರ್, ಅಡ್ಡಬರಬಹುದು. ರೈಜೆನ್ 9000 ಸರಣಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲು ತಯಾರಾಗಿ ಅಂಗಡಿಯಲ್ಲೇ ಉಳಿದಿದ್ದ ಬಿ650 (ಎಎಂ5ರ ಒಂದು ಚಿಪ್‌ಸೆಟ್) ಬೋರ್ಡ್‌ಗೆ ಆ ಪ್ರೊಸೆಸರ್ ಕೂರುತ್ತದೆ, ಆದರೆ ಬಯಾಸ್ ಅಪ್‌ಡೇಟ್ ಆಗದಿದ್ದರೆ ಡಿಸ್‌ಪ್ಲೇ ಬರುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತಗೊಂಡರೆ ನೆಮ್ಮದಿ.

ರ‍್ಯಾಮ್‌ನಲ್ಲಿ ನಾನೇ ಎಡವಿದ್ದೇನೆ. ಮೊದಲು 16 ಜಿಬಿಯ ಎರಡು ಸ್ಟಿಕ್ ಹಾಕಿ, ಆರು ತಿಂಗಳ ನಂತರ ಅದೇ ಮಾದರಿಯ ಇನ್ನೆರಡು ತಂದು ಸೇರಿಸಿದೆ. ನಾಲ್ಕೂ ಕ್ಲಿಕ್ ಅಂತ ಕೂತವು. ಸ್ಟಿಕ್‌ಗಳನ್ನು ಅವುಗಳ ಮೇಲೆ ಬರೆದ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಮೆಷಿನ್ ಬೂಟ್ ಆಗಲೇ ಇಲ್ಲ. ಆಮೇಲೆ ಎಎಂಡಿಯ ಸ್ಪೆಸಿಫಿಕೇಶನ್ ತೆಗೆದು ಓದಿದೆ: ರೈಜೆನ್ 7000 ಸರಣಿಗೆ ಎರಡು ಸ್ಟಿಕ್ ಇದ್ದರೆ 5200 ಎಂಟಿ/ಎಸ್ (ಸೆಕೆಂಡಿಗೆ ದಶಲಕ್ಷ ಟ್ರಾನ್ಸ್‌ಫರ್), ನಾಲ್ಕು ಇದ್ದರೆ 3600, ಅಷ್ಟೇ ಅಧಿಕೃತ ವೇಗ. ಹೆಚ್ಚು ಸ್ಟಿಕ್ ಆದಷ್ಟೂ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಭಾರ ಏರುತ್ತದೆ. 64 ಜಿಬಿ ಬೇಕೆಂದರೆ 32ರ ಎರಡು ಸ್ಟಿಕ್ ಇರುವ ಒಂದೇ ಕಿಟ್ ಕೊಳ್ಳಿ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್ (ಸ್ಟಿಕ್‌ಗಳಿಗೆ ಹೊಂದುವ ಸೆಟ್ಟಿಂಗ್ ಪರೀಕ್ಷಿಸಿ ಹುಡುಕುವ ಕೆಲಸ) ನಡೆಯುತ್ತದೆ, ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಹೆದರಿ ಸ್ವಿಚ್ ಆಫ್ ಮಾಡಬೇಡಿ.

ಗ್ರಾಫಿಕ್ಸ್ ಕಾರ್ಡ್‌ಗೆ ನನ್ನ ಆಯ್ಕೆ ಆರ್‌ಟಿಎಕ್ಸ್ 4070 ಸೂಪರ್. ಅದರ 12 ಜಿಬಿ ಮೆಮೊರಿ ಗೇಮ್‌ಗೆ ಸಾಕು. ಬ್ಲೆಂಡರ್‌ನಲ್ಲಿ ಸೀನ್ ಅಷ್ಟನ್ನೂ ಮೀರಿ ಬೆಳೆದರೆ ರೆಂಡರ್ ತೀರಾ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ದೊಡ್ಡ ಸೀನ್ ಮಾಡುವವರು 16 ಜಿಬಿ ಕಾರ್ಡ್ ನೋಡಿ. ಕಾರ್ಡನ್ನು ಪ್ರೊಸೆಸರ್‌ಗೆ ಹತ್ತಿರದ ಉದ್ದ ಸ್ಲಾಟ್‌ಗೇ ಹಾಕಿ. ಕೆಳಗಿನ ಸ್ಲಾಟ್ ನೋಡಲು ಅಷ್ಟೇ ಉದ್ದ ಇದ್ದರೂ ಎಷ್ಟೋ ಬೋರ್ಡ್‌ಗಳಲ್ಲಿ ಅದಕ್ಕೆ 16ರ ಬದಲು ನಾಲ್ಕೇ ಲೇನ್ (ಡೇಟಾ ಹರಿಯುವ ದಾರಿ) ಇರುತ್ತವೆ.

ಪವರ್ ಸಪ್ಲೈಗೆ ಲೆಕ್ಕ ಹಾಕಿ. ಕಾರ್ಡ್‌ಗೆ 220 ವ್ಯಾಟ್. ಪ್ರೊಸೆಸರ್‌ನ ಸ್ಪೆಸಿಫಿಕೇಶನ್‌ನಲ್ಲಿ 65 ಅಂತಿದ್ದರೂ ಅದು 88ರವರೆಗೆ ಎಳೆಯುತ್ತದೆ. ಫ್ಯಾನು, ಎಸ್‌ಎಸ್‌ಡಿ, ಬೋರ್ಡ್ ಎಲ್ಲ ಸೇರಿಸಿದರೂ 400ರ ಒಳಗೆ. ಒಳ್ಳೆಯ 650 ಸಾಕು, ಮುಂದೆ ಕಾರ್ಡ್ ಬದಲಿಸುವ ಯೋಚನೆ ಇದ್ದರೆ 750 ತಗೊಳ್ಳಿ. ಈ ಕಾರ್ಡಿನ ಬಹುತೇಕ ಮಾದರಿಗಳಿಗೆ 16 ಪಿನ್ ಕನೆಕ್ಟರ್ ಇರುತ್ತದೆ. ಅರ್ಧಕ್ಕೆ ನಿಂತರೂ ಪೂರ್ತಿ ಕೂತಂತೆ ಕಾಣುವ ಕನೆಕ್ಟರ್ ಅದು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಕನೆಕ್ಟರ್ ಕರಗಿದ ಸುದ್ದಿ ಬಂದಾಗ ಎನ್‌ವಿಡಿಯಾ ಕೂಡ ಇದೇ ಕಾರಣ ಹೇಳಿತ್ತು. ಬೆರಳಿಟ್ಟು ಅಂಚು ತಡವಿ, ಸಂದಿ ಇಲ್ಲದಿರುವುದನ್ನು ಖಚಿತ ಮಾಡಿಕೊಳ್ಳಿ.

ಇನ್ನೊಂದನ್ನು ಕೆಂಪು ಇಂಕಿನಲ್ಲಿ ಬರೆದುಕೊಳ್ಳಿ: ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈನ ಕೇಬಲ್ ಹೊಸದಕ್ಕೆ ಬಳಸಬಾರದು. ಪವರ್ ಸಪ್ಲೈ ಕಡೆಯ ತುದಿ ಸಲೀಸಾಗಿ ಕೂತರೂ ಒಳಗಿನ ವೈರಿಂಗ್ ಬೇರೆ ಇರಬಹುದು. 5 ವೋಲ್ಟ್ ಬರಬೇಕಾದ ಕಡೆ 12 ಬಂದರೆ ಎಸ್‌ಎಸ್‌ಡಿ ಸುಟ್ಟು ಅದರೊಳಗಿನ ಕೆಲಸವೆಲ್ಲ ಹೋಗುತ್ತದೆ.

ಕ್ಯಾಬಿನೆಟ್‌ಗೆ ಮೂರು ಅಳತೆ ಸಾಕು: ಬೋರ್ಡಿನ ಗಾತ್ರ, ಕಾರ್ಡಿನ ಉದ್ದ, ಕೂಲರ್‌ನ ಎತ್ತರ. ದೊಡ್ಡ ಏರ್ ಕೂಲರ್‌ಗಳು 160 ಮಿಲಿಮೀಟರ್ ದಾಟುತ್ತವೆ. ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು, ಜೇಬಿನಲ್ಲಿ ಒಂದು ಟೇಪ್ ಇಟ್ಟುಕೊಂಡು ಹೋಗಿ. ಅಲ್ಲಿ ಕ್ಯಾಬಿನೆಟ್ ತೆರೆದು ತೋರಿಸಿ ಅಂದರೆ ತೋರಿಸುತ್ತಾರೆ.